ರೈತರ ಮನೆಗೆ ನೇರವಾಗಿ ದುಡ್ಡು ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಬಂದಾಗಲೆಲ್ಲ ಮಾತು ಎರಡೇ ದಾರಿ ಹಿಡಿಯುತ್ತದೆ. ಒಬ್ಬರು "ಬಿಟ್ಟಿ ದುಡ್ಡು, ಜನ ಕೆಟ್ಟುಹೋಗ್ತಾರೆ" ಅನ್ನುತ್ತಾರೆ. ಇನ್ನೊಬ್ಬರು "ದುಡ್ಡು ಕೊಟ್ಟುಬಿಡಿ, ಬಡತನ ಮುಗೀತು" ಅನ್ನುತ್ತಾರೆ. ಎರಡನ್ನೂ ಸ್ವಲ್ಪ ಪಕ್ಕಕ್ಕಿಡೋಣ. ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ: ಮಳೆ ನಂಬಿದ ಚೂರು ಜಮೀನು, ಒಂದೆರಡು ದನ ಇಲ್ಲವೇ ಆಡು, ಓದುವ ಮಕ್ಕಳು, ವಯಸ್ಸಾದ ಒಬ್ಬರು, ತಲೆ ಮೇಲೆ ಸಾಲ. ಕೆಳಗಿನ ಉತ್ತರಗಳು ಬಹುಪಾಲು ಈ ಮನೆಯ ಸುತ್ತಲೇ ಇವೆ.

ನೇರ ನಗದು ಅಂದರೆ ಏನು?

ಸರ್ಕಾರವೋ ಸಂಸ್ಥೆಯೋ ಧಾನ್ಯ, ಬೀಜ, ಹಸು ಇಂಥದ್ದನ್ನು ಕೊಡುವ ಬದಲು ಹಣವನ್ನೇ ಮನೆಯವರ ಕೈಗೆ, ಬ್ಯಾಂಕ್ ಖಾತೆಗೆ ಅಥವಾ ಮೊಬೈಲಿಗೆ ಹಾಕುವುದು. ಕೆಲವು ಕಡೆ ಷರತ್ತು ಇರುತ್ತದೆ, ಮಕ್ಕಳನ್ನು ಶಾಲೆಗೆ ಕಳಿಸಬೇಕು ಅಂತ. ಕೆಲವು ಕಡೆ ಏನೂ ಇರುವುದಿಲ್ಲ. ಇದು ಸಾಲವಲ್ಲ, ವಾಪಸ್ ಕೊಡಬೇಕಿಲ್ಲ.

ರೈತ ಕುಟುಂಬಕ್ಕೂ ಉಳಿದ ಬಡವರಿಗೂ ಏನು ವ್ಯತ್ಯಾಸ? ಎಲ್ಲರಿಗೂ ದುಡ್ಡು ಬೇಕೇ ಅಲ್ವಾ?

ಬೇಕು. ಆದರೆ ರೈತರ ಮನೆಯ ಆದಾಯ ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಬರುತ್ತದೆ. ಖರ್ಚು ಮಾತ್ರ ದಿನಾ ಇರುತ್ತದೆ. ಬಿತ್ತನೆ ಹೊತ್ತಿಗೆ ಕೈ ಖಾಲಿ. ಹೋದ ಸಲದ ಬೆಳೆ ದುಡ್ಡು ಆಗಲೇ ಕರಗಿರುತ್ತದೆ. ಬೀಜ, ಗೊಬ್ಬರ, ಉಳುಮೆ, ಕೂಲಿ ಎಲ್ಲ ಅದೇ ಹದಿನೈದು ದಿನದೊಳಗೆ ಆಗಬೇಕು, ಮಳೆ ಕಾಯುವುದಿಲ್ಲ. ಆಗ ಬಡ್ಡಿಗೆ ಸಾಲ ತರುತ್ತಾರೆ, ಇಲ್ಲವೇ ಒಡವೆ ಅಡವಿಡುತ್ತಾರೆ. ಅದೂ ಆಗದಿದ್ದರೆ ಅರ್ಧ ಗೊಬ್ಬರ ಹಾಕಿ ಸುಮ್ಮನಾಗುತ್ತಾರೆ.

ಸುಗ್ಗಿ ಬಂದಾಗ ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುತ್ತಾರೆ. ಊರಿಗೆ ಊರೇ ಒಂದೇ ವಾರ ಮಾರಲು ಹೊರಟರೆ ಬೆಲೆ ಕುಸಿಯುತ್ತದೆ. ಆರು ತಿಂಗಳು ಕಳೆದ ಮೇಲೆ ಅದೇ ಧಾನ್ಯವನ್ನು, ಮನೆಯ ಊಟಕ್ಕೆ ಅಂತ, ಹೆಚ್ಚಿನ ಬೆಲೆ ಕೊಟ್ಟು ಕೊಂಡು ತರುತ್ತಾರೆ. ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತರಿಗೆ ಸುಗ್ಗಿಯ ಹೊತ್ತಿನಲ್ಲಿ ಸಾಲ ಕೊಟ್ಟು ನೋಡಿದರು. ಅವರು ಕಾಳು ತಕ್ಷಣ ಮಾರದೆ ಇಟ್ಟುಕೊಂಡು, ಬೆಲೆ ಏರಿದ ಮೇಲೆ ಮಾರಿದರು. ಬೆಳೆ ಅದೇ, ಶ್ರಮ ಅದೇ, ಕಾಯುವ ಶಕ್ತಿಯೊಂದೇ ಹೊಸದು. ಅದು ಸಾಲದ ಪ್ರಯೋಗ, ನಗದು ನೆರವಿನದ್ದಲ್ಲ. ಆದರೂ ರೈತರ ಮನೆಯ ಕಷ್ಟ ಎಲ್ಲಿ ಕಟ್ಟಿಕೊಂಡಿದೆ ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಹಾಗಾಗಿ ನೇರ ನಗದಿನ ಬಗ್ಗೆ ನನ್ನ ಮೊದಲ ಪ್ರಶ್ನೆ "ಎಷ್ಟು?" ಅಲ್ಲ. "ಯಾವಾಗ? ನಂಬಿ ಕೂರಬಹುದಾ?" ಅನ್ನುವುದು.

ಗಂಡಸರ ಕೈಗೆ ದುಡ್ಡು ಸಿಕ್ಕರೆ ಕುಡಿದು ಹಾಳು ಮಾಡುವುದಿಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಮಾತ್ರ ಸಾಕಷ್ಟು ಸ್ಪಷ್ಟವಾಗಿದೆ. 2017ರಲ್ಲಿ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಎಂಬ ಅರ್ಥಶಾಸ್ತ್ರಜ್ಞರು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಬಂದ ಮೇಲೆ ಹೆಂಡ, ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಾಗಿರಲಿಲ್ಲ. ಎಷ್ಟೋ ಕಡೆ ಸ್ವಲ್ಪ ಕಡಿಮೆಯೇ ಆಗಿತ್ತು.

ಕುಡಿಯುವವರು ಇಲ್ಲವೇ ಇಲ್ಲ ಅಂತಲ್ಲ. ಕುಡಿಯುವ ಮನುಷ್ಯ ದುಡ್ಡಿಲ್ಲದಾಗಲೂ ಸಾಲ ಮಾಡಿ ಕುಡಿಯುತ್ತಿದ್ದ. ಕುಡಿಯದವನು ಖಾತೆಗೆ ನಾಲ್ಕು ಕಾಸು ಬಿತ್ತು ಅಂತ ಹೊಸದಾಗಿ ಶುರು ಮಾಡುವುದಿಲ್ಲ. ಅಷ್ಟೇ.

ಸರಿ, ಕುಡಿಯಲ್ಲ. ಸೋಮಾರಿಗಳಂತೂ ಆಗ್ತಾರಲ್ವಾ? ಕೂಲಿಗೆ ಜನವೇ ಸಿಗೋದಿಲ್ಲ ಅಂತ ಎಲ್ಲರೂ ಹೇಳ್ತಾರೆ.

ಇಲ್ಲಿ ಎರಡು ಮಾತು ಕಲಸಿಹೋಗಿವೆ. ಬಿಡಿಸಿ ನೋಡೋಣ.

ಮೊದಲನೆಯದು, ಒಟ್ಟು ದುಡಿಮೆ. ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ದೇಶಗಳ ಏಳು ಯೋಜನೆಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ನಗದು ಬಂದವರು ಕೆಲಸ ಬಿಡುತ್ತಾರೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ಎರಡನೆಯದು, ಯಾರ ಹೊಲದಲ್ಲಿ ದುಡಿಮೆ. ಇದು ನಿಜವಾಗಿಯೂ ಬದಲಾಗುತ್ತದೆ. ಮಲಾವಿ ದೇಶದಲ್ಲಿ ದಿನಗೂಲಿ ಕೆಲಸಕ್ಕೆ "ಗಾನ್ಯು" ಅನ್ನುತ್ತಾರೆ. ಮನೆಯಲ್ಲಿ ಕಾಳು ಮುಗಿದಾಗ ಬಡ ರೈತ ತನ್ನ ಹೊಲದ ಕಳೆ ಹಾಗೇ ಬಿಟ್ಟು ಇನ್ನೊಬ್ಬರ ಹೊಲದ ಕಳೆ ಕೀಳಲು ಹೋಗುತ್ತಾನೆ. ಅವತ್ತಿನ ಊಟಕ್ಕೆ ಬೇರೆ ದಾರಿ ಇಲ್ಲ. ಹೀಗೆ ಅವನ ಹೊಲ ಸೊರಗುತ್ತದೆ, ಮುಂದಿನ ವರ್ಷ ಮತ್ತೆ ಗಾನ್ಯು. ಅಲ್ಲಿ ನಗದು ಕೊಟ್ಟಾಗ ಜನ ಗಾನ್ಯು ಕಡಿಮೆ ಮಾಡಿದರು, ಬೇಸಾಯದ ಸಲಕರಣೆ ಮತ್ತು ಆಡು-ಕುರಿ ಕೊಂಡರು. ಮಕ್ಕಳು ಹೊರಗೆ ದುಡಿಯುವುದೂ ಕಡಿಮೆಯಾಯಿತು. ಮಧ್ಯಪ್ರದೇಶದಲ್ಲಿ 2011ರಿಂದ "ಸೇವಾ" (SEWA) ಎಂಬ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನಲ್ಲಿ ಕೆಲವು ಹಳ್ಳಿಗಳಲ್ಲಿ ಇಂಥದ್ದೇ ಪ್ರಯೋಗ ನಡೆಸಿತು. ಮೊದಲು ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಆಮೇಲೆ 300 ಮತ್ತು 150. ಅಲ್ಲೂ ಜನ ಕೂಲಿಯಿಂದ ಸ್ವಂತ ಹೊಲದ ಕೆಲಸಕ್ಕೆ ಹೊರಳಿದ್ದು ಕಂಡಿತು.

ಹಾಗಾಗಿ "ಕೂಲಿಗೆ ಜನ ಸಿಗೋಲ್ಲ" ಅನ್ನುವ ದೂರಿನಲ್ಲಿ ಸ್ವಲ್ಪ ಸತ್ಯ ಇರಬಹುದು. ಅದು ಕೂಲಿಗೆ ಕರೆಯುವವರ ದೂರು. ಕೂಲಿಗೆ ಹೋಗುತ್ತಿದ್ದವರನ್ನು ಕೇಳಿದರೆ ಅದೇ ವಿಷಯವನ್ನು ಬೇರೆ ಥರ ಹೇಳುತ್ತಾರೆ.

ಹಾಗಾದರೆ ದುಡ್ಡು ಹೋಗುವುದೆಲ್ಲಿಗೆ?

ಮೊದಲು ಹೊಟ್ಟೆಗೆ. ಇದನ್ನು "ಪೋಲು" ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎರಡು ಹೊತ್ತು ಉಣ್ಣುತ್ತಿದ್ದವರು ಮೂರು ಹೊತ್ತು ಉಂಡರೆ ಅದೇ ದೊಡ್ಡ ಫಲ.

ಉಳಿದದ್ದು ನಿಧಾನವಾಗಿ ಹೊಲ, ದನ, ಸೂರಿನ ಕಡೆಗೆ ಹೋಗುತ್ತದೆ. ಮೆಕ್ಸಿಕೋದ ಹಳ್ಳಿಗಳ ಬಗ್ಗೆ ಒಂದು ಲೆಕ್ಕ ಇದೆ: ಸಿಕ್ಕ ಪ್ರತಿ ಪೆಸೋದಲ್ಲಿ (ಅಲ್ಲಿನ ನಾಣ್ಯ) 74 ಸೆಂಟಾವೋ, ಅಂದರೆ ನೂರರಲ್ಲಿ 74 ಪಾಲು, ಮನೆ ಖರ್ಚಿಗೆ ಹೋಯಿತು, ಉಳಿದದ್ದರಲ್ಲಿ ಜನ ದನಕರು, ಸಣ್ಣ ಕಸುಬು ಅಂತ ಹೂಡಿದರು. ಅಷ್ಟು ಸಣ್ಣ ಹೂಡಿಕೆಯಿಂದಲೇ ಬೇಸಾಯದ ಆದಾಯ ಹೆಚ್ಚಿತು.

ಕೀನ್ಯಾದಲ್ಲಿ ನಡೆದ ಒಂದು ನಗದು ಪ್ರಯೋಗದಲ್ಲಿ ಎಷ್ಟೋ ಮನೆಯವರು ದುಡ್ಡು ಬಂದ ಕೂಡಲೇ ಹುಲ್ಲಿನ ಚಾವಣಿ ತೆಗೆದು ತಗಡು ಹಾಕಿಸಿದರು. ದೂರದಿಂದ ನೋಡಿದವರಿಗೆ ಶೋಕಿ ಅನ್ನಿಸಬಹುದು. ಆದರೆ ಹುಲ್ಲಿನ ಚಾವಣಿಯನ್ನು ಆಗಾಗ ಹೊದಿಸುತ್ತಲೇ ಇರಬೇಕು, ಪ್ರತಿ ಸಲವೂ ಹಣ ಮತ್ತು ಆಳು ಬೇಕು. ತಗಡು ಹಾಕಿದ ಮೇಲೆ ಆ ಖರ್ಚು ನಿಂತಿತು, ಸೋರುವುದೂ ನಿಂತಿತು. ಕೊಡುವವರು ಕೂತು ಪಟ್ಟಿ ಮಾಡಿದ್ದರೆ ಅದರಲ್ಲಿ "ಚಾವಣಿ" ಅಂತ ಬರೆಯುತ್ತಿದ್ದರಾ? ಅನುಮಾನ.

ಮನಸ್ಸಿನ ಮೇಲೆ ಏನಾದರೂ ಪರಿಣಾಮ ಇದೆಯಾ?

ಇದೆ, ಮತ್ತು ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರ ಬಗ್ಗೆ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಗೆ ಕಸರತ್ತು ಕೊಡುವ ಪರೀಕ್ಷೆ ಕೊಟ್ಟರು. ಕೈ ಬಿಗಿಯಾಗಿದ್ದಾಗ ಮಾಡಿದ್ದಕ್ಕಿಂತ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ಮನುಷ್ಯ ಅದೇ, ತಲೆ ಅದೇ. ನಾಳೆ ಸಾಲದವನಿಗೆ ಏನು ಹೇಳಲಿ ಅನ್ನುವುದು ತಲೆ ತುಂಬ ಕೂತಿದ್ದರೆ ಬೇರೆ ಯೋಚನೆಗೆ ಜಾಗ ಎಲ್ಲಿಂದ ಬರಬೇಕು?

ಎಂಥ ತಳಿ ಬಿತ್ತಲಿ, ಕೊಳವೆಬಾವಿ ಕೊರೆಸಲಾ ಬೇಡವಾ, ಮಗಳನ್ನು ಮುಂದೆ ಓದಿಸಲಾ ಅನ್ನುವಂಥ ದೊಡ್ಡ ತೀರ್ಮಾನಗಳು ರೈತರ ಮನೆಯಲ್ಲಿ ಬರುವುದು ಸಾಮಾನ್ಯವಾಗಿ ಕೈ ಖಾಲಿ ಇರುವ ಹೊತ್ತಿನಲ್ಲೇ. ಕೀನ್ಯಾದ ಪ್ರಯೋಗದಲ್ಲೂ ನಗದು ಪಡೆದವರ ಚಿಂತೆ, ಬೇಸರ ಕಡಿಮೆಯಾಗಿತ್ತು.

ಒಂದೇ ಗಂಟಾಗಿ ಕೊಡುವುದು ಒಳ್ಳೆಯದಾ, ತಿಂಗಳು ತಿಂಗಳು ಕೊಡುವುದಾ?

ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ತಿಂಗಳಿಗೊಮ್ಮೆ ಬರುವ ಹಣ ಊಟಕ್ಕೆ ಆಸರೆ. ಒಟ್ಟಿಗೆ ಬರುವ ಗಂಟು ಹಸು, ಚಾವಣಿ, ಪಂಪು, ಪುಟ್ಟ ಅಂಗಡಿ ಇಂಥದ್ದಕ್ಕೆ ದಾರಿ. ಕೀನ್ಯಾದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸರಿಸುಮಾರು ಹೀಗೇ ಕಂಡಿತು.

ಅಲ್ಲಿನ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ತಿಂಗಳು ತಿಂಗಳು ದುಡ್ಡು ಪಡೆಯುತ್ತಿದ್ದವರಲ್ಲಿ ಎಷ್ಟೋ ಜನ ತಾವೇ ಗುಂಪು ಕಟ್ಟಿಕೊಂಡು ಚೀಟಿ ಹಾಕಿದರು! ಎಲ್ಲರೂ ತಿಂಗಳಿಗಿಷ್ಟು ಅಂತ ಹಾಕುವುದು, ಸರದಿ ಪ್ರಕಾರ ಒಬ್ಬರು ಗಂಟು ಎತ್ತುವುದು. ಸಣ್ಣ ಕಂತನ್ನು ದೊಡ್ಡ ಮೊತ್ತ ಮಾಡಿಕೊಳ್ಳುವ ಉಪಾಯ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೇಸಾಯದ ಲೆಕ್ಕದಲ್ಲಿ ಯಾವ ತಿಂಗಳು ಬಂದರೆ ಜಾಸ್ತಿ ಉಪಯೋಗ?

ಎರಡು ಹೊತ್ತು ಮುಖ್ಯ. ಒಂದು, ಬಿತ್ತನೆಗೆ ಎರಡು ಮೂರು ವಾರ ಮುಂಚೆ. ಇನ್ನೊಂದು, ಸುಗ್ಗಿ ಮುಗಿದ ಕೂಡಲೇ, ಕಾಳು ಮಾರದೆ ಹಿಡಿದುಕೊಳ್ಳಲು.

2018ರಲ್ಲಿ ತೆಲಂಗಾಣ ಶುರು ಮಾಡಿದ ರೈತ ಬಂಧು ಯೋಜನೆ ಮೊದಲನೆಯದನ್ನು ಗುರಿಯಾಗಿಟ್ಟುಕೊಂಡಿತ್ತು: ಮೊದಲಿಗೆ ಪ್ರತಿ ಹಂಗಾಮಿಗೆ ಎಕರೆಗೆ 4,000 ರೂಪಾಯಿ, ಬಿತ್ತನೆ ಖರ್ಚಿಗೆ ಅಂತ. ಕೇಂದ್ರದ ಪಿಎಂ ಕಿಸಾನ್ ಬೇರೆ ಥರ. ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000ದ ಮೂರು ಕಂತು. ಮೊತ್ತ ಸಣ್ಣದು, ಇಡೀ ಬಿತ್ತನೆ ಖರ್ಚಿಗೆ ಸಾಲುವುದಿಲ್ಲ. ಕಂತು ಬಿತ್ತನೆಗೆ ಮುಂಚೆ ಬಿದ್ದರೆ ಬೀಜದ ಚೀಲಕ್ಕಾದರೂ ಬಡ್ಡಿ ತಪ್ಪುತ್ತದೆ. ತಡವಾದರೆ ಆಗಲೇ ತಂದ ಸಾಲದ ಬಡ್ಡಿಗೆ ಹೋಗುತ್ತದೆ. ರೂಪಾಯಿ ಅದೇ, ಇಪ್ಪತ್ತು ದಿನದ ಅಂತರ.

ಬೀಜ, ಗೊಬ್ಬರವನ್ನೇ ಕೊಡಬಹುದಲ್ಲ? ದುಡ್ಡು ಯಾಕೆ?

ಕೊಡಬಹುದು, ಕೆಲವು ಕಡೆ ಕೊಡಲೇಬೇಕು. ಹತ್ತಿರದಲ್ಲಿ ಅಂಗಡಿಯೇ ಇಲ್ಲದ ಕಡೆ, ಅಥವಾ ಒಬ್ಬನೇ ವ್ಯಾಪಾರಿ ಹೇಳಿದ್ದೇ ಬೆಲೆ ಆಗಿರುವ ಕಡೆ, ದುಡ್ಡು ಹಿಡಿದುಕೊಂಡು ಏನು ಮಾಡುವುದು? ಆದರೆ ಬೇರೆ ಕಡೆಗಳಲ್ಲಿ ವಸ್ತು ಕೊಡುವುದೆಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ಒಬ್ಬರಿಗೆ ಬೀಜ ಬೇಕು, ಇನ್ನೊಬ್ಬರಿಗೆ ಬೀಜ ಮನೆಯಲ್ಲೇ ಇದೆ, ಎತ್ತಿಗೆ ಕಾಯಿಲೆ. ಬೇಡದ ಗೊಬ್ಬರ ಅರ್ಧ ಬೆಲೆಗೆ ಮಾರಿಹೋಗುತ್ತದೆ.

ಸಾಲ ತೀರುತ್ತದಾ?

ಹಳೆಯ ದೊಡ್ಡ ಸಾಲ ಈ ಹಣದಲ್ಲಿ ತೀರುವುದು ಅಪರೂಪ. ಆದರೆ ಹೊಸ ಸಾಲ ಕಡಿಮೆಯಾಗುತ್ತದೆ, ಅದರಲ್ಲೂ ತುರ್ತಿಗೆ ತರುವ, ಬಡ್ಡಿ ಜಾಸ್ತಿ ಇರುವ ಕೈಸಾಲ. ಮಗುವಿಗೆ ಜ್ವರ ಬಂತು ಅಂತ ರಾತ್ರಿ ಓಡಿಹೋಗಿ ತರುವ ದುಡ್ಡು ಇದೆಯಲ್ಲ, ಅದು ಅತಿ ದುಬಾರಿ ದುಡ್ಡು. ಅದಕ್ಕಾಗಿ ಹಾಲು ಕೊಡುವ ಹಸು ಮಾರುವುದು ತಪ್ಪಿದರೂ ಮನೆ ಉಳಿದ ಹಾಗೆ.

ಒಂದು ಎಚ್ಚರ: ಖಾತೆಗೆ ಬಂದ ಹಣವನ್ನು ಬ್ಯಾಂಕು ಹಳೇ ಬಾಕಿಗೆ ಹಿಡಿದುಕೊಂಡರೆ ಈ ಲಾಭ ಯಾವುದೂ ಮನೆಗೆ ತಲುಪುವುದಿಲ್ಲ. ಕಾಗದದ ಮೇಲೆ ಸಾಲ ಒಂದು ಚೂರು ಕಡಿಮೆಯಾಗಿರುತ್ತದೆ, ಬಿತ್ತನೆಗೆ ಮತ್ತೆ ಬಡ್ಡಿಯವನ ಮನೆ.

ಹೆಂಗಸರ ಹೆಸರಿಗೇ ಕೊಡಬೇಕಾ?

ಮೆಕ್ಸಿಕೋದಲ್ಲಿ 1997ರಲ್ಲಿ ಪ್ರೋಗ್ರೆಸಾ ಎಂಬ ನಗದು ಯೋಜನೆ ಶುರುವಾದಾಗಲೇ ಹಣವನ್ನು ತಾಯಂದಿರಿಗೆ ಕೊಟ್ಟರು. ಬ್ರೆಜಿಲ್ ಕೂಡ 2003ರ ಬೊಲ್ಸಾ ಫಮಿಲಿಯಾ ಯೋಜನೆಯಲ್ಲಿ ಅದೇ ದಾರಿ ಹಿಡಿಯಿತು. ಮಕ್ಕಳ ಊಟ, ಓದಿಗೆ ದುಡ್ಡು ತಲುಪಲಿ ಅನ್ನುವ ಯೋಚನೆ. ಆದರೆ ಕೀನ್ಯಾದಲ್ಲಿ ಲಾಟರಿ ಎತ್ತಿದ ಹಾಗೆ ಗಂಡ ಅಥವಾ ಹೆಂಡತಿಯನ್ನು ಆರಿಸಿ ಕೊಟ್ಟಾಗ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೆಂಗಸರ ಹೆಸರಿಗೇ ಇರಲಿ. ಖರ್ಚಿನ ಲೆಕ್ಕಕ್ಕಾಗಿ ಅಲ್ಲ. ರೈತರ ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡುವವಳ ಹೆಸರು ಜಮೀನಿನ ದಾಖಲೆಯಲ್ಲಿ ಇಲ್ಲದಿದ್ದರೂ, ಒಂದು ಖಾತೆಯಲ್ಲಾದರೂ ಇರಲಿ ಅಂತ.

ಷರತ್ತು ಹಾಕದಿದ್ದರೆ ಮಕ್ಕಳನ್ನು ಶಾಲೆಗೆ ಕಳಿಸ್ತಾರಾ?

ಮಲಾವಿಯ ಜೋಂಬಾದಲ್ಲಿ ಹೆಣ್ಣುಮಕ್ಕಳ ಮೇಲೆ ಈ ಪರೀಕ್ಷೆ ನಡೆಯಿತು. ಶಾಲೆಗೆ ಬಂದರೆ ಮಾತ್ರ ದುಡ್ಡು ಅಂದ ಕಡೆ ಶಾಲೆ ಬಿಡುವವರ ಸಂಖ್ಯೆ ಜಾಸ್ತಿ ಇಳಿಯಿತು. ಆದರೆ ಷರತ್ತಿಲ್ಲದೆ ಕೊಟ್ಟ ಕಡೆ ಚಿಕ್ಕ ವಯಸ್ಸಿನ ಮದುವೆ ಮತ್ತು ಬಸಿರು ಜಾಸ್ತಿ ಇಳಿದವು. ಶಾಲೆ ಬಿಟ್ಟ ಹುಡುಗಿಗೇ ಆ ದುಡ್ಡಿನ ಆಸರೆ ಹೆಚ್ಚು ಬೇಕಾಗಿತ್ತು, ಷರತ್ತು ಅವಳನ್ನೇ ಹೊರಗೆ ಹಾಕಿತ್ತು.

ಎಲ್ಲರ ಕೈಯಲ್ಲೂ ದುಡ್ಡು ಓಡಾಡಿದರೆ ಊರಿನಲ್ಲಿ ಬೆಲೆ ಏರೋಲ್ವಾ?

ಅದು ಊರು ಎಂಥದ್ದು ಅನ್ನುವುದರ ಮೇಲಿದೆ. ಕೀನ್ಯಾದ ಸಿಯಾಯಾದಲ್ಲಿ 653 ಹಳ್ಳಿಗಳನ್ನು ಸೇರಿಸಿಕೊಂಡ ದೊಡ್ಡ ಪ್ರಯೋಗ ನಡೆಯಿತು. 10,500ಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಸಿಕ್ಕಿತು. ಅಷ್ಟು ಹಣ ಸುರಿದರೂ ಬೆಲೆ ಸರಾಸರಿ ಶೇಕಡಾ 0.1ರಷ್ಟು ಮಾತ್ರ ಏರಿತು. ದುಡ್ಡು ಕೈಯಿಂದ ಕೈಗೆ ಹೋಗಿ, ಕೊಟ್ಟ ಪ್ರತಿ ಡಾಲರಿಗೆ ಅಲ್ಲಿನ ಆರ್ಥಿಕತೆ ಸುಮಾರು ಎರಡೂವರೆ ಡಾಲರ್ ಬೆಳೆಯಿತು. ದುಡ್ಡು ಸಿಗದ ಮನೆಯವರಿಗೂ ಅಂಗಡಿ ವ್ಯಾಪಾರ, ಕೂಲಿ ರೂಪದಲ್ಲಿ ಲಾಭ ತಲುಪಿತು.

ಫಿಲಿಪ್ಪೀನ್ಸಿನ ಕಥೆ ಬೇರೆ. ಅಲ್ಲಿ ಊರಿನ ಬಹುಪಾಲು ಮನೆಗಳಿಗೆ ನಗದು ಹೋದ ಹಳ್ಳಿಗಳಲ್ಲಿ ಮೊಟ್ಟೆಯಂಥ ಆಹಾರದ ಬೆಲೆ ಏರಿತು. ಪಟ್ಟಿಯಿಂದ ಹೊರಗುಳಿದ ಮನೆಗಳ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾದವರು ಹೆಚ್ಚಾದರು. ದಾರಿ ಚೆನ್ನಾಗಿದ್ದು ಹೊರಗಿನಿಂದ ಸಾಮಾನು ಬರುವ ಊರಿನಲ್ಲಿ ಈ ತೊಂದರೆ ಕಡಿಮೆ. ಮೂಲೆಯ ಊರಿನಲ್ಲಿ, ಕೊಡುವುದಾದರೆ ಎಲ್ಲ ಬಡವರಿಗೂ ಕೊಡಬೇಕು. ಅರ್ಧ ಊರಿಗೆ ಕೊಟ್ಟು ಉಳಿದವರನ್ನು ಬಿಟ್ಟರೆ ಬಿಟ್ಟವರ ತಟ್ಟೆಗೇ ಕೈ ಹಾಕಿದ ಹಾಗೆ.

ಜಮೀನಿಲ್ಲದ ರೈತರ ಕಥೆ ಏನು?

ಇದು ಈ ಇಡೀ ವ್ಯವಸ್ಥೆಯ ದೊಡ್ಡ ತೂತು. ಪಿಎಂ ಕಿಸಾನ್ ಹಣ ಬರುವುದು ಜಮೀನು ಹೆಸರಿನಲ್ಲಿ ಇರುವವರಿಗೆ. ಗುತ್ತಿಗೆಗೆ ಹಿಡಿದು, ಪಾಲಿಗೆ ಮಾಡಿ ಬೆಳೆಯುವವರಿಗೆ ಇಲ್ಲ. ರೈತ ಬಂಧುವಿನಲ್ಲೂ ಅದೇ ಆಯಿತು. ಜೊತೆಗೆ ಎಕರೆ ಲೆಕ್ಕದಲ್ಲಿ ಕೊಟ್ಟಿದ್ದರಿಂದ ಜಾಸ್ತಿ ಜಮೀನಿದ್ದವರಿಗೆ ಜಾಸ್ತಿ ಹಣ ಹೋಯಿತು. ಮೆಕ್ಸಿಕೋ 1994ರ ಸುಮಾರಿಗೆ ತಂದ ಪ್ರೊಕಾಂಪೊ ಯೋಜನೆಯೂ ಹೆಕ್ಟೇರ್ ಲೆಕ್ಕದ್ದೇ. ಬಿತ್ತುವವನೊಬ್ಬ, ಕಂತು ಬರುವುದು ಇನ್ನೊಬ್ಬನ ಖಾತೆಗೆ. ಮಳೆ ಕೈಕೊಟ್ಟರೆ ನಷ್ಟ ಮಾತ್ರ ಬಿತ್ತಿದವನದ್ದು. ಗಂಡ ತೀರಿಕೊಂಡ ಮೇಲೆ ಜಮೀನಿನ ಖಾತೆಯನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಆಗದ ಹೆಂಗಸರೂ ಇದೇ ತೂತಿನಲ್ಲಿ ಬೀಳುತ್ತಾರೆ.

ನಗದಿನಿಂದ ಆಗದ ಕೆಲಸ ಯಾವುದು?

ಮಳೆ ತರಿಸುವುದಿಲ್ಲ, ರಸ್ತೆ ಹಾಕುವುದಿಲ್ಲ, ಬೆಳೆಗೆ ಬೆಲೆ ಕಟ್ಟುವುದಿಲ್ಲ. ಆಸ್ಪತ್ರೆ ದೂರ ಇದ್ದರೆ ಹತ್ತಿರ ತರುವುದಿಲ್ಲ.

ಉತ್ತರ ಘಾನಾದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ಕಣ್ಣು ತೆರೆಸುತ್ತದೆ. ಕೆಲವು ರೈತರಿಗೆ ನಗದು ಕೊಟ್ಟರು, ಕೆಲವರಿಗೆ ಮಳೆ ವಿಮೆ, ಕೆಲವರಿಗೆ ಎರಡೂ. ಹೊಲಕ್ಕೆ ಹೆಚ್ಚು ಹಾಕಿದವರು ವಿಮೆ ಇದ್ದವರು. ಬರೀ ನಗದು ಸಿಕ್ಕವರಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಅವರ ಕೈ ಕಟ್ಟಿಹಾಕಿದ್ದು ದುಡ್ಡಿನ ಕೊರತೆಗಿಂತ "ಮಳೆ ಬರದಿದ್ದರೆ ಎಲ್ಲ ಹೋಯಿತು" ಅನ್ನುವ ಭಯ. ಮಳೆ ನಂಬಿದ ಮನೆಗೆ ನಗದು ಕೊಟ್ಟು ಬೆಳೆ ವಿಮೆಯನ್ನು ಮರೆತರೆ ಅರ್ಧ ಕೆಲಸ ಮಾತ್ರ ಮಾಡಿದ ಹಾಗೆ.

ನಮ್ಮ ಮನೆಗೆ ಈ ಹಣ ಬರುತ್ತಿದೆ. ಹೇಗೆ ಬಳಸಲಿ?

ನಿಮ್ಮ ಮನೆ ನಿಮಗೇ ಚೆನ್ನಾಗಿ ಗೊತ್ತು. ಎರಡೇ ಮಾತು ಹೇಳುತ್ತೇನೆ. ಜಾಸ್ತಿ ಬಡ್ಡಿಯ ಸಾಲ ಇದ್ದರೆ ಮೊದಲು ಅದಕ್ಕೆ ಹಾಕಿ, ಬೇರೆ ಯಾವ ಹೂಡಿಕೆಯೂ ಅಷ್ಟು ಲಾಭ ಕೊಡಲಾರದು. ಅಂಥ ಸಾಲ ಇಲ್ಲದಿದ್ದರೆ ಒಂದು ಕಂತನ್ನಾದರೂ ಬಿತ್ತನೆಗೆ ಅಂತ ಮುಟ್ಟದೆ ಇಡಿ. ಬೀಜ, ಗೊಬ್ಬರವನ್ನು ಮುಂಚೆಯೇ ಕೊಂಡು ಮನೆಯಲ್ಲಿ ಇಟ್ಟುಬಿಟ್ಟರೆ ಇನ್ನೂ ವಾಸಿ. ನೋಟು ಮನೆಯಲ್ಲಿದ್ದರೆ ನೆಂಟರು ಕೇಳುತ್ತಾರೆ, ಗೊಬ್ಬರದ ಚೀಲವನ್ನು ಯಾರೂ ಕೈಸಾಲ ಕೇಳುವುದಿಲ್ಲ.

ನಾಳೆ ಇದು ನಿಂತುಹೋದರೆ?

ದನ, ಚಾವಣಿ, ಪಂಪು ಮಾಡಿಕೊಂಡವರಿಗೆ ಅದು ಉಳಿಯುತ್ತದೆ. ಊಟಕ್ಕೆ ಮಾತ್ರ ಸಾಲುವಷ್ಟು ಬರುತ್ತಿದ್ದರೆ ಹಳೆಯ ಕಷ್ಟ ವಾಪಸ್ ಬರುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಕೀನ್ಯಾದಲ್ಲಿ ಕೆಲವು ಹಳ್ಳಿಗಳಿಗೆ ಎರಡು ವರ್ಷ ತಿಂಗಳು ತಿಂಗಳು ಹಣ ಕೊಡುತ್ತೇವೆ ಅಂದರು, ಕೆಲವಕ್ಕೆ ಹನ್ನೆರಡು ವರ್ಷ ಅಂದರು. ಎರಡು ವರ್ಷ ಕಳೆದ ಹೊತ್ತಿಗೆ ಎರಡೂ ಕಡೆಯವರ ಕೈಗೆ ಬಂದ ಮೊತ್ತ ಒಂದೇ. ಆದರೂ ಹನ್ನೆರಡು ವರ್ಷದ ಮಾತು ಸಿಕ್ಕವರು ಹೆಚ್ಚು ಉಳಿಸಿದ್ದರು, ಹೆಚ್ಚು ಕಸುಬು ಶುರು ಮಾಡಿದ್ದರು. ಇನ್ನೂ ಬಂದೇ ಇಲ್ಲದ ಹತ್ತು ವರ್ಷದ ದುಡ್ಡನ್ನು ನಂಬಿ ಅವರು ಆಗಲೇ ಕೆಲಸಕ್ಕೆ ಇಳಿದಿದ್ದರು.